ಸಂಸಾರ ಸಮೇತ

ಲಾರಿಯಿಂದ ಸಾಮಾನು ಇಳಿಸಿ ಮೂರು ದಿನ ಆಗಿತ್ತಷ್ಟೆ. ಹಸಿರು ಕೋಟು ತೊಟ್ಟ ಇಬ್ಬರು ಹೆಂಗಸರು ಚೀಲ ಹಿಡಿದು ಅಂಗಳಕ್ಕೆ ಬಂದರು. ಹರಿತ ಕರ್ಮ ಸೇನೆಯವರು. ತಿಂಗಳಿಗೊಮ್ಮೆ ಮನೆಮನೆಗೆ ಬಂದು, ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಒಯ್ದು, 50 ರೂಪಾಯಿ ಪಡೆದು ಹೋಗುವವರು. ನಾನು ತೋಟದಲ್ಲಿದ್ದೆ. ಎದುರಿಗೆ ಸಿಕ್ಕಿದ್ದು ನನ್ನವಳು, ಅಪ್ಪಟ ತುಮಕೂರಿನವಳು. ಅವರು ಏನೋ ಹೇಳಿದರು, ಇವಳು ಕಣ್ಣು ಕಣ್ಣು ಬಿಟ್ಟಳು. ಕೊನೆಗೆ ಒಬ್ಬಾಕೆ ಕೇಳಿದರು: “ಮಲಯಾಳಂ ಸಂಸಾರಿಕ್ಕುಮೋ?”

ಸಂಸಾರ ಎಂಬ ಒಂದು ಪದ ಇವಳಿಗೆ ಗೊತ್ತಿತ್ತು. ಎದೆ ಸೆಟೆಸಿ ಹೇಳಿಯೇ ಬಿಟ್ಟಳು: “ಇಲ್ಲಮ್ಮ, ನಮ್ದು ಕನ್ನಡ ಸಂಸಾರ.”

ಮಲಯಾಳದಲ್ಲಿ ಸಂಸಾರಂ ಎಂದರೆ ಮಾತು. ‘ಮಲಯಾಳ ಮಾತಾಡುತ್ತೀರಾ’ ಎಂದು ಅವರು ಕೇಳಿದ್ದು. ಉತ್ತರ ಎರಡೂ ಭಾಷೆಯಲ್ಲಿ ಸರಿಯಾಗಿಯೇ ಕೂತಿತು. ಆಕೆ “ಹಾಗಾದ್ರೆ ಕನ್ನಡವೇ ಮಾತಾಡುವ” ಎಂದು ನಮ್ಮ ಕುಂಬಳೆ ಕನ್ನಡದಲ್ಲಿ ಶುರು ಮಾಡಿದರಂತೆ. ಆ ಕನ್ನಡವೂ ತನಗೆ ಅರ್ಧ ಅರ್ಥವಾಗಲಿಲ್ಲ ಎಂದು ಇವಳು ರಾತ್ರಿ ಊಟದ ಹೊತ್ತಿಗೆ ದೂರು ಕೊಟ್ಟಳು.

ಬೆಂಗಳೂರು ಬಿಟ್ಟು ಕೇರಳದ ಗಡಿಯ ನನ್ನೂರು ಕುಂಬಳೆಗೆ ಬರುವ ಯೋಚನೆ ಮೊಳೆತದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಭಯದಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಕುಂಬಳೆಯಿಂದ ಮಂಗಳೂರು 40 ಕಿಲೋಮೀಟರ್ ಆಸುಪಾಸು. ನಮ್ಮ ಕಡೆಯವರಿಗೆ ಎದೆನೋವು, ಹೆರಿಗೆ, ಡಯಾಲಿಸಿಸ್ ಎಲ್ಲದಕ್ಕೂ ಆಸ್ಪತ್ರೆ ಎಂದರೆ ಮಂಗಳೂರೇ. ಗಡಿಯ ತಲಪಾಡಿಯಲ್ಲಿ ತಡೆದು ನಿಂತ ಆಂಬುಲೆನ್ಸುಗಳ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು. ಇತ್ತ ಅಪ್ಪ ಒಬ್ಬರೇ. ಗುಳಿಗೆ ಮುಗಿದರೆ ತರುವವರಿಲ್ಲ. ನಾನೋ ಬೆಂಗಳೂರಿನ ಮೂರನೆಯ ಮಹಡಿಯಲ್ಲಿ, ನಮ್ಮೂರಿನವರನ್ನು ತಡೆದ ರಾಜ್ಯಕ್ಕೇ ತೆರಿಗೆ ಕಟ್ಟುತ್ತ ಕೂತವನು. ಎರಡು ವರ್ಷ ಮೀನಮೇಷ ಎಣಿಸಿ, ಮನೆಯಿಂದಲೇ ಕೆಲಸ ಮಾಡುವ ಒಪ್ಪಿಗೆ ಸಿಕ್ಕಿದ ಮೇಲೆ 2022ರ ಏಪ್ರಿಲ್‌ನಲ್ಲಿ ಲಾರಿ ಕಟ್ಟಿಸಿದೆವು. ಮಗಳಿಗೆ ನಾಲ್ಕನೆಯ ತರಗತಿ ಮುಗಿದಿತ್ತು, ಮಗನಿಗೆ ಐದು ವರ್ಷ.

ಏಪ್ರಿಲ್‌ನಲ್ಲಿ ಕರಾವಳಿಗೆ ಸಂಸಾರ ಸಾಗಿಸುವವನಿಗೆ ಬುದ್ಧಿ ಇಲ್ಲ ಎಂದೇ ಲೆಕ್ಕ. ಉಷ್ಣಮಾಪಕ ನೋಡಿದರೆ ಆ ತಿಂಗಳ ಮಧ್ಯಾಹ್ನಗಳಲ್ಲಿ ಬೆಂಗಳೂರಿಗೂ ನಮಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಕಡೆ 33, 34 ಡಿಗ್ರಿ. ಆದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲೆ ಕೂತ ಊರು. ಹೊತ್ತು ಮುಳುಗಿದರೆ ತಣ್ಣಗಾಗುತ್ತದೆ, ಬೆವರು ಆರುತ್ತದೆ. ಇಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಇಳಿಯುತ್ತದೆ. ಅದಕ್ಕೆ ನಾವು ಬಿಸಿಲು ಎನ್ನುವುದಿಲ್ಲ, ಸೆಕೆ ಎನ್ನುತ್ತೇವೆ. ರಾತ್ರಿ ಎರಡು ಗಂಟೆಗೂ ಇರುವುದು ಅದೇ. ಮಕ್ಕಳ ಬೆನ್ನಿಗೆ ಬೆವರುಸಾಲೆ ಎದ್ದಿತು. ನನ್ನವಳು ದಿನಕ್ಕೆ ಮೂರು ಸಲ ಮೀಯಲು ಕಲಿತಳು. ಆಮೇಲೆ ‘ಮೀಯುವುದು’ ಎಂಬ ಮಾತನ್ನೂ ಕಲಿತಳು, ಮುಂಚೆ ಸ್ನಾನ ಮಾಡುತ್ತಿದ್ದಳು.

ಜೂನ್ ಬಂತು, ಸೆಕೆ ಹೋಯಿತು, ಬೂಷ್ಟು ಬಂತು. ಜುಲೈ ಒಂದೇ ತಿಂಗಳಲ್ಲಿ ಇಲ್ಲಿ ಸುರಿಯುವುದು ಹೆಚ್ಚುಕಡಿಮೆ ಬೆಂಗಳೂರಿನ ಇಡೀ ವರ್ಷದ ಮಳೆ. ಬೆಲ್ಟು, ಚಪ್ಪಲಿ, ನನ್ನ ಪುಸ್ತಕಗಳ ಬೆನ್ನು, ಮದುವೆಯ ರೇಷ್ಮೆಸೀರೆಯ ಪೆಟ್ಟಿಗೆ ಎಲ್ಲದರ ಮೇಲೂ ಬೂದಿ ಎರಚಿದ ಹಾಗೆ. ಕಂತು ಕಟ್ಟಿ ಕೊಂಡಿದ್ದ ಪ್ಲೈವುಡ್ ಕಪಾಟು ಉಬ್ಬಿ ಬಾಗಿಲು ಮುಚ್ಚದಾಯಿತು. ಉಪ್ಪುಗಾಳಿಗೆ ಫ್ರಿಜ್ಜಿನ ಕಾಲು ತುಕ್ಕು. ಅಪ್ಪನ ಹಲಸಿನ ಮರದ ಪೆಟ್ಟಿಗೆ ಮಾತ್ರ ಏನೂ ಆಗದೆ ಕೂತಿತ್ತು. ಬೆಂಗಳೂರಿನಿಂದ ಯಾರಾದರೂ ಕಡಲ ಬದಿಗೆ ಬರುತ್ತೇನೆ ಎಂದರೆ ನಾನು ಸೂರ್ಯಾಸ್ತದ ಸುದ್ದಿ ಎತ್ತುವುದಿಲ್ಲ. ಕಪಾಟು ಅಲ್ಲಿಯೇ ಮಾರಿ ಬನ್ನಿ ಎನ್ನುತ್ತೇನೆ.

ಮಾತಿನ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲಿ ಅಪ್ಪನಿಗೂ ನನಗೂ ತುಳು, ನಾನು ಹೆಂಡತಿ ಮಕ್ಕಳೊಡನೆ ಕನ್ನಡ, ಮಕ್ಕಳು ತಮ್ಮತಮ್ಮೊಳಗೆ ಬೆಂಗಳೂರಿನ ಇಂಗ್ಲಿಷು. ಅಂಗಳ ದಾಟಿದರೆ ಮಲಯಾಳ, ಬ್ಯಾರಿ, ಕೊಂಕಣಿ. ಹೆಂಡತಿ ಲೆಕ್ಕದ ಟೀಚರಾಗಿದ್ದವಳು, ಎರಡು ವಾರದಲ್ಲಿ ಸೂತ್ರ ಕಂಡುಹಿಡಿದಳು. ಕನ್ನಡದ ‘ಹ’ ಇದ್ದಲ್ಲಿ ‘ಪ’ ಹಾಕು: ಹಾಲು ಪಾಲ್, ಹತ್ತು ಪತ್ತ್, ಹುಲಿ ಪುಲಿ. ‘ಬ’ ಇದ್ದಲ್ಲಿ ‘ವ’ ಹಾಕು: ಬಾಳೆ ವಾಳ, ಬೆಳ್ಳಿ ವೆಳ್ಳಿ, ಬಾ ವಾ. ಕೊನೆಗೊಂದು ಸೊನ್ನೆ ಅಂಟಿಸು: ಮರ ಮರಂ, ಪುಸ್ತಕ ಪುಸ್ತಕಂ. “ಇದು ಹಳಗನ್ನಡ ಕಣ್ರೀ, ಪಿಯುಸಿಯಲ್ಲಿ ಓದಿದ್ದು” ಎಂದು ಖುಷಿಪಟ್ಟಳು. ತಪ್ಪೇನಲ್ಲ. ಹಳಗನ್ನಡದಲ್ಲೂ ಮರ ಮರಂ ಆಗಿತ್ತು, ಹಾಲು ಪಾಲ್ ಆಗಿತ್ತು. ಎರಡೂ ಒಂದೇ ಮನೆಯಿಂದ ಪಾಲಾಗಿ ಹೋದ ಅಕ್ಕತಂಗಿಯರು.

ಸೂತ್ರ ಹಿಡಿದು ಅಂಗಡಿಗೆ ಹೋದಳು. ಬೆಲ್ಲ ಬೇಕಿತ್ತು. ಬೆಲ್ಲದ ‘ಬ’ಕ್ಕೆ ‘ವ’, ಕೊನೆಗೆ ಸೊನ್ನೆ. ಹೊಸ ಭಾಷೆಯ ಉಮೇದಿನಲ್ಲಿ ನಾಲಿಗೆ ಇನ್ನಷ್ಟು ಮಡಚಿ “ಒಂದು ಕೆ.ಜಿ. ವೆಳ್ಳಂ” ಎಂದಳು. ವೆಳ್ಳಂ ಎಂದರೆ ನೀರು. ಅಂಗಡಿಯವನು ಒಂದು ಲೀಟರಿನ ಬಾಟಲಿ ತಂದಿಟ್ಟ. ಇದಲ್ಲ, ಸಿಹಿ, ಉಂಡೆ ಉಂಡೆ ಇರುತ್ತದಲ್ಲ ಎಂದು ಕೈಯಲ್ಲಿ ಅಭಿನಯ ನಡೆಯಿತು. “ಬೆಲ್ಲವಾ ಅಕ್ಕ? ಮೊದಲೇ ಹೇಳುದಲ್ವಾ?” ಅವನ ಅಜ್ಜನ ಕಾಲದಿಂದ ಅಂಗಡಿಯಲ್ಲಿ ಐದು ಭಾಷೆ ನಡೆಯುತ್ತದೆ. ಇವಳು ಪಾಪ, ಕೇರಳ ಎಂದರೆ ಮಲಯಾಳವೇ ಆಡಬೇಕು ಎಂದುಕೊಂಡು ಹೋಗಿದ್ದಳು.

ಮೀನಿನವನ ಪಾಠಶಾಲೆ ಇನ್ನೂ ಸೊಗಸು. ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಟರಿನ ಹಾರ್ನು. ಪಕ್ಕದ ಗೇಟಿನಲ್ಲಿ ಅವನು “ಮತ್ತಿ ಉಂಡ್” ಎನ್ನುತ್ತಾನೆ, ಅದು ಮಲಯಾಳ. ಅಪ್ಪನನ್ನು ಕಂಡರೆ “ಬೂತಾಯಿ ಉಂಡು”, ಅದು ತುಳು. ನನಗೆ “ಬೂತಾಯಿ ಉಂಟು”, ಅದು ಕರಾವಳಿ ಕನ್ನಡ. ಕೊನೆಗೊಂದು ದಿನ ನನ್ನವಳ ಮುಖ ನೋಡಿ, ಗಂಟಲು ಸರಿಮಾಡಿಕೊಂಡು, “ಮೀನು ಇದೆ ಮೇಡಂ” ಎಂದ. ಆವತ್ತು ಇವಳು ಚೌಕಾಸಿ ಮಾಡದೆ ಕೊಂಡಳು. ತವರಿಗೆ ಫೋನು ಮಾಡುವಾಗ ಅವಳದು ಇನ್ನೊಂದು: “ಎಲ್ಲಾ ಚೆನ್ನಾಗೈತೆ ಕಣವ್ವ.” ಇರುವುದೊಂದನ್ನೇ ಹೇಳಲು ನಮ್ಮ ಗೇಟಿನಲ್ಲಿ ಐದು ಕ್ರಿಯಾಪದ.

ಸಪ್ತಭಾಷಾ ಸಂಗಮಭೂಮಿ ಎಂದು ಕಾಸರಗೋಡಿನ ಪ್ರತಿ ವೇದಿಕೆಯಲ್ಲೂ ಹೇಳುತ್ತಾರೆ. ಮೀನಿನ ಬುಟ್ಟಿಯ ಮಟ್ಟಿಗೆ ಅದು ನಿಜ. ಅರ್ಜಿ ಫಾರ್ಮಿನ ಮಟ್ಟಿಗೆ ಅಲ್ಲ. ಕಾರಿನ ನಂಬರು ಕೆಎಯಿಂದ ಕೆಎಲ್ 14ಕ್ಕೆ ಬದಲಿಸಲು, ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಓಡಾಡಿದ ತಿಂಗಳುಗಳಲ್ಲಿ ಒಂದು ಕಚೇರಿಯಲ್ಲಿ ನನಗೆ ಸಿಕ್ಕಿದ್ದು ಮಲಯಾಳ ಫಾರ್ಮು. ಕನ್ನಡದ್ದು ಕೊಡಿ ಎಂದೆ. ಮುಗಿದಿದೆ ಎಂದರು. ಯಾವಾಗ ಬರುತ್ತದೆ? ನಕ್ಕರು. ನಾನು ಕುಂಬಳೆಯಲ್ಲಿ ಹುಟ್ಟಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಮಲಯಾಳ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತೇನೆ, ಓದಲು ಬಾರದು. ನನ್ನ ಓರಗೆಯ ಬಹಳಷ್ಟು ಜನ ಹೀಗೆಯೇ. ಕೊನೆಗೆ ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗನಿಂದ ತುಂಬಿಸಿಕೊಂಡೆ. ಕಾರಿಗೆ ಹೊಸ ನಂಬರು ಬಂದ ಮೇಲೆ ಇನ್ನೊಂದು ತಮಾಷೆ: ಮಂಗಳೂರಿಗೆ ಹೋದರೆ ನಾನೇ ಹೊರರಾಜ್ಯದವನು. ಪಾರ್ಕಿಂಗಿನ ಹುಡುಗ ನನ್ನೊಡನೆ ಹರಕು ಮಲಯಾಳದಲ್ಲಿ ಮಾತು ತೆಗೆಯುತ್ತಾನೆ, ನಾನು ತುಳುವಿನಲ್ಲಿ ಉತ್ತರ ಕೊಡುತ್ತೇನೆ.

ಶಾಲೆಯ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. ಕಾಸರಗೋಡಿನ ಇಂಗ್ಲಿಷ್ ಮಾಧ್ಯಮಕ್ಕೆ ವ್ಯಾನು ಬರುತ್ತದೆ ಎಂದು ಇವಳು. ಹತ್ತಿರದ ಕನ್ನಡ ಮಾಧ್ಯಮಕ್ಕೆ ನಡೆದೇ ಹೋಗಬಹುದು ಎಂದು ನಾನು. ಕೇರಳದಲ್ಲಿ ಕನ್ನಡ ಮಾಧ್ಯಮವೇ, ಬೆಂಗಳೂರಿನಲ್ಲೇ ಓದಿಸಲಿಲ್ಲವಲ್ಲ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ರಾಜಧಾನಿಯಲ್ಲಿ ಇದ್ದಷ್ಟು ಕಾಲ ಮಗಳು ‘ಮೂವತ್ತೇಳು’ ಎಂದರೆ ಎಷ್ಟು ಎಂದು ಕೇಳುತ್ತಿದ್ದಳು. ತರಕಾರಿಯವನೊಡನೆ ಹಿಂದಿ, ಲಿಫ್ಟಿನಲ್ಲಿ ಇಂಗ್ಲಿಷ್. ಕನ್ನಡ ಮನೆಯೊಳಗೆ, ಅಜ್ಜನ ಫೋನಿಗೆ ಮಾತ್ರ. ಅಂತೂ ಕನ್ನಡ ಶಾಲೆಗೇ ಹಾಕಿದೆವು. ಗೆದ್ದದ್ದು ನನ್ನ ವಾದವಲ್ಲ, ವ್ಯಾನಿನ ಬಾಡಿಗೆ.

ಮೊದಲ ತಿಂಗಳು ಮಗಳು ಅತ್ತಳು. ಲ.ಸಾ.ಅ., ಮ.ಸಾ.ಅ., ಅಂಶ, ಛೇದ ಎಂದರೆ ಏನೆಂದು ತಿಳಿಯದೆ, ಗೊತ್ತಿದ್ದ ಲೆಕ್ಕವೂ ತಪ್ಪುತ್ತಿತ್ತು. ಅದರ ಮೇಲೆ ಮಲಯಾಳ. 2017ರ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಹತ್ತನೆಯವರೆಗೆ ಮಲಯಾಳವನ್ನು ಕಡ್ಡಾಯ ಮಾಡಿತು. ಆಗ ನಮ್ಮ ಕಡೆ ಕನ್ನಡಿಗರು ಬೀದಿಗಿಳಿದಿದ್ದರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದ್ದಕ್ಕೆ ಮಕ್ಕಳೇ ಪ್ರತಿಭಟಿಸಿದ್ದೂ ಉಂಟು. ಆ ಸಿಟ್ಟು ನನ್ನಲ್ಲೂ ಇದೆ, ಅದು ಸುಳ್ಳಲ್ಲ. ಆದರೆ ಮಗಳಿಗೆ ಸಿಟ್ಟಿಲ್ಲ, ಗೆಳತಿಯರಿದ್ದಾರೆ. ಆರು ತಿಂಗಳಲ್ಲಿ ಅವಳು ಬಸ್ಸಿನ ಬೋರ್ಡು ಓದತೊಡಗಿದಳು. ಇಲ್ಲಿ ಓಡುವುದು ಎರಡೂ ರಾಜ್ಯದ ಬಸ್ಸು, ಎರಡರದೂ ಹೆಸರು ಕೆಎಸ್‌ಆರ್‌ಟಿಸಿ. ಬೋರ್ಡು ಓದಲು ಬಾರದ ನಾನು ನಲವತ್ತು ವರ್ಷ ಬಣ್ಣ ನೋಡಿ ಹತ್ತಿದವನು. ಈಗ ಕರೆಂಟು ಬಿಲ್ಲು, ಪಂಚಾಯತಿನ ನೋಟಿಸು ಎಲ್ಲ ಅವಳ ಕೈಗೇ. ಗಟ್ಟಿಯಾಗಿ ಓದುತ್ತಾಳೆ, ನನಗೆ ಕಿವಿಯಲ್ಲಿ ಅರ್ಥವಾಗುತ್ತದೆ. ಅವಳಿಗೆ ಅಕ್ಷರ, ನನಗೆ ಅರ್ಥ. ಇಬ್ಬರೂ ಸೇರಿದರೆ ಒಬ್ಬ ಅಕ್ಷರಸ್ಥ.

ನವೆಂಬರ್ 1ಕ್ಕೆ ಶಾಲೆಯಲ್ಲಿ ಕೇರಳಪ್ಪಿರವಿ, ಕೇರಳ ಹುಟ್ಟಿದ ದಿನ. ತಲಪಾಡಿಯ ಆಚೆ ಅದೇ ದಿನ ರಾಜ್ಯೋತ್ಸವ. ‘ನಮ್ಮ ಊರು ಹುಟ್ಟಿದ ದಿನ’ ಎಂದು ಮಾತಾಡಲು ಮಗಳು ಅಜ್ಜನನ್ನು ಕೇಳಿದಳು. ಅಪ್ಪ 1956ರಲ್ಲಿ ಹನ್ನೆರಡು ವರ್ಷದ ಹುಡುಗ. ಆವರೆಗೆ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲೆ ಮೈಸೂರಿಗೆ ಹೋಯಿತು, ತಾಲೂಕು ಕೇರಳಕ್ಕೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದದ್ದು ಕಡತದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು, ಅಲ್ಲಿಯವರೆಗೂ ಅದನ್ನು ಕೇಳುತ್ತಲೇ ಇದ್ದರು. ಇದನ್ನೆಲ್ಲ ನಾನು ವಿವರಿಸಲು ಹೊರಟೆ. ಅಪ್ಪ ತಡೆದರು.

“ನಿನ್ನಪ್ಪ ಲಾರಿ ತುಂಬ ಸಾಮಾನು ಹೇರಿಕೊಂಡು ಬಂದು ರಾಜ್ಯ ಬದಲಿಸಿದ. ನಾನು ರಾತ್ರಿ ಮದ್ರಾಸಿನಲ್ಲಿ ಮಲಗಿ ಬೆಳಿಗ್ಗೆ ಕೇರಳದಲ್ಲಿ ಎದ್ದೆ. ಚಾಪೆ ಅದೇ” ಎಂದರು. ಮಗಳು ಅದನ್ನೇ ಬರೆದುಕೊಂಡು ಹೋಗಿ ಹೇಳಿದಳು. ಮೊದಲು ಕನ್ನಡದಲ್ಲಿ, ಆಮೇಲೆ ಮಲಯಾಳದಲ್ಲಿ. ಮಲಯಾಳದಲ್ಲಿ ಹೇಳಿದಾಗ ಹೆಚ್ಚು ನಕ್ಕರಂತೆ.

ಎಲ್ಲವೂ ಸಿಗಲಿಲ್ಲ ಎನ್ನುವುದನ್ನೂ ಹೇಳಬೇಕು. ಯುಗಾದಿಗೆ ಇಲ್ಲಿ ರಜೆ ಇಲ್ಲ; ನಮ್ಮ ಹೊಸ ವರ್ಷ ಏಪ್ರಿಲ್ ಮಧ್ಯದ ಬಿಸು, ಮಲಯಾಳಿಗಳ ವಿಷು. ಓಣಂಗೆ ವಾರಗಟ್ಟಲೆ ಬಿಡುವು, ದೀಪಾವಳಿಗೆ ಒಂದು ದಿನ. ಮೊದಲ ಯುಗಾದಿಗೆ ನನ್ನವಳು ಬೇವಿನ ಮರ ಹುಡುಕಿ ಸುಸ್ತಾದಳು. ಈ ಮಳೆಯ ಮಣ್ಣಿನಲ್ಲಿ ಬೇವು ಅಷ್ಟಾಗಿ ಏಳುವುದಿಲ್ಲ. ಮಂಗಳೂರಿನಿಂದ ತರಿಸಿದ ಒಣ ಎಸಳು ನಾಲ್ಕು, ಬೆಲ್ಲ ಮುಷ್ಟಿ ತುಂಬ. ಆ ರಾತ್ರಿ ಅವಳು ಹೆಚ್ಚು ಮಾತಾಡಲಿಲ್ಲ.

ಕಳೆದ ಮೇ ತಿಂಗಳಲ್ಲಿ ಅತ್ತೆ ತುಮಕೂರಿನಿಂದ ಬಂದರು. ಸುಬ್ರಹ್ಮಣ್ಯ ಘಾಟಿಯ ಸುರಂಗಗಳನ್ನೆಲ್ಲ ನಿದ್ದೆಯಲ್ಲಿ ದಾಟಿ, ಬೆಳಿಗ್ಗೆ ರೈಲಿಳಿದದ್ದೇ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಮನೆ ಮುಟ್ಟಿ ಜಗಲಿಯಲ್ಲಿ ಕೂತರೋ ಇಲ್ಲವೋ, ಅಜ್ಜನಿಂದ ಕಲಿತ ಮರ್ಯಾದೆ ಪಾಲಿಸಲು ಮಗ ಒಳಗೋಡಿದ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ತುಂಡು.

“ಅಜ್ಜಿ, ಇದು ವೆಳ್ಳಂ. ಇದು ಬೆಲ್ಲ.”

ಅತ್ತೆ ಎರಡನ್ನೂ ನೋಡಿದರು. “ಏನೇ ಇದು, ಈ ಊರಲ್ಲಿ ಎಲ್ಲದಕ್ಕೂ ಒಂದೇ ಹೆಸರಾ?” ಎಂದು ಮಗಳನ್ನು ಕೇಳಿ, ಬೆಲ್ಲ ಕಚ್ಚಿ ನೀರು ಕುಡಿದರು. ನನ್ನವಳು ಒಳಗಿನಿಂದಲೇ ಕೂಗಿದಳು: “ಅಮ್ಮ, ಮೊದಲು ಮಿಂದು ಬಾ. ಸೆಕೆ ಉಂಟು.”