ಮನೆಗೆ ಬಂದ ನಡಾವಳಿ ಪುಸ್ತಕ

1987ರ ಜನವರಿಯಲ್ಲಿ ಮಂಡಲ ಪಂಚಾಯ್ತಿ ಎಲೆಕ್ಷನ್ ಬಂದಾಗ ನಮ್ಮೂರಿನ ಯಜಮಾನರಿಗೆಲ್ಲ ಒಂದು ಫಜೀತಿ ಎದುರಾಯಿತು. ತಿಪಟೂರಿಗೂ ತುರುವೇಕೆರೆಗೂ ನಡುವೆ ಇರುವ ಊರು ನಮ್ಮದು. ನಮ್ಮ ದೊಡ್ಡಪ್ಪ ನಿಲ್ಲುವುದೆಂದು ಆಗಲೇ ತೀರ್ಮಾನವಾಗಿತ್ತು, ಪಂಚೆ ಇಸ್ತ್ರಿಯೂ ಆಗಿತ್ತು. ಪಟ್ಟಿ ಬಂದು ನೋಡಿದರೆ ಸ್ಥಾನ ಹೆಂಗಸರಿಗೆ ಮೀಸಲು! ಅರಳಿಕಟ್ಟೆಯ ಮೇಲೆ ಬಹಳ ಹೊತ್ತು ಮಾತಾಯಿತು. ಕೊನೆಗೆ ಹಿರಿಯರೊಬ್ಬರು, "ಅದಕ್ಯಾಕಪ್ಪಾ ಇಷ್ಟು ಯೋಚ್ನೆ? ನಿನ್ ಹೆಂಡ್ತಿ ಹೆಸರು ಬರೆಸು. ಕೆಲಸ ಹೆಂಗಿದ್ರೂ ನೀನೇ ಮಾಡ್ತೀಯ" ಅಂದರು. ಕರಪತ್ರ ಅಚ್ಚಾಗಿ ಬಂತು. ಅದರಲ್ಲಿ ದೊಡ್ಡಪ್ಪನ ಹೆಸರು ದಪ್ಪಕ್ಷರದಲ್ಲಿ, 'ಇವರ ಧರ್ಮಪತ್ನಿ' ಅಂತ ಕೆಳಗೆ ದೊಡ್ಡಮ್ಮನ ಹೆಸರು ಸಣ್ಣಕ್ಷರದಲ್ಲಿ.

ದೊಡ್ಡಮ್ಮ ಗೆದ್ದಳು. ಗೆದ್ದ ದಿನ ಹಾರ ಬಿದ್ದದ್ದು ದೊಡ್ಡಪ್ಪನ ಕೊರಳಿಗೆ. ಅವಳು ಒಳಗೆ ಬಂದವರಿಗೆಲ್ಲ ಕಾಫಿ ಕಾಸುತ್ತಿದ್ದಳು.

ಆ ಕಾಲದ ಮಾತು ಸ್ವಲ್ಪ ಹೇಳಬೇಕು. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ಪಂಚಾಯ್ತಿ ಕಾಯ್ದೆ ಮಾಡಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಅಂತ ಹೊಸ ಏರ್ಪಾಟು ತಂದಿತ್ತು. ಅದರಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗೆ. ಇಡೀ ದೇಶಕ್ಕೆ ಇಂಥ ಮೀಸಲಾತಿ ಕೊಡುವ ಸಂವಿಧಾನದ 73ನೇ ತಿದ್ದುಪಡಿ ಆಗ ಇನ್ನೂ ಬಂದಿರಲಿಲ್ಲ. ಈ ಏರ್ಪಾಟಿನ ಹಿಂದಿದ್ದವರು ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದ್ದಕ್ಕೆ ನಮ್ಮ ಕಡೆಯ ಹೆಂಗಸರು ಅವರನ್ನು ಕರೆಯುತ್ತಿದ್ದದ್ದು 'ನೀರ್ ಸಾಬ್' ಅಂತಲೇ. ಆ ಸಲದ ಚುನಾವಣೆಯಲ್ಲಿ ರಾಜ್ಯದಾದ್ಯಂತ 14 ಸಾವಿರದಷ್ಟು ಹೆಂಗಸರು ಆರಿಸಿ ಬಂದರು. ಅವರಲ್ಲಿ ಎಷ್ಟು ಜನ ಸಭೆಯ ಹೊಸಿಲು ದಾಟಿದರು ಅನ್ನುವುದು ಬೇರೆ ಲೆಕ್ಕ.

ನಮ್ಮ ಮಂಡಲದಲ್ಲಿ ನಡೆಯುತ್ತಿದ್ದದ್ದು ಹೀಗೆ. ಸಭೆಗೆ ದೊಡ್ಡಪ್ಪ ಹೋಗುತ್ತಿದ್ದರು. ಎರಡು ಮೂರು ದಿನ ಬಿಟ್ಟು ಜವಾನ ಸೈಕಲ್ ಹ್ಯಾಂಡಲ್ಲಿಗೆ ಬಟ್ಟೆ ಚೀಲ ನೇತುಹಾಕಿಕೊಂಡು ಮನೆಗೆ ಬರುತ್ತಿದ್ದ. ಚೀಲದಲ್ಲಿ ಕೆಂಪು ರಟ್ಟಿನ ನಡಾವಳಿ ಪುಸ್ತಕ, ಜೊತೆಗೆ ಒಂದು ಇಂಕ್ ಪ್ಯಾಡು. ದೊಡ್ಡಮ್ಮ ಮೂರನೇ ಕ್ಲಾಸು ಓದಿದ್ದಳು. "ನಂಗೆ ಸಹಿ ಬತ್ತದೆ ಕಣಪ್ಪಾ, ಅದನ್ಯಾಕೆ ತತ್ತೀಯ?" ಅಂತ ಪ್ಯಾಡನ್ನು ಪಕ್ಕಕ್ಕೆ ಸರಿಸಿ, ಅವನು ಬೆರಳಿಟ್ಟು ತೋರಿಸಿದ ಕಡೆ ಅಕ್ಷರ ಅಕ್ಷರವಾಗಿ ಹೆಸರು ಬರೆಯುತ್ತಿದ್ದಳು.

ಒಂದು ಸಂಜೆ ಅವನು ಬಂದಾಗ ನಾವು ಕೊಬ್ಬರಿ ಮನೆಯಲ್ಲಿದ್ದೆವು. ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿ ಇಳಿಸಿ ಸುಲಿಸಿದ್ದರು. ದೊಡ್ಡಮ್ಮ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗಿನ ಉಂಡೆ ಚಿಪ್ಪು ಬಿಟ್ಟು ಗುಡುಗುಡು ಅಂದರೆ ಒಡೆಯುವ ರಾಶಿಗೆ, ಸದ್ದು ಬರದಿದ್ದರೆ ಮತ್ತೆ ಅಟ್ಟಕ್ಕೆ. ನಾನಾಗ ಹೈಸ್ಕೂಲಿನಲ್ಲಿದ್ದೆ. ಕೈ ತುಂಬ ಮಸಿಯಾಗಿದ್ದರಿಂದ ಅವಳು, "ಏನ್ ಬರ್ದವ್ರೆ ಓದ್ಲಾ ಮಗ" ಅಂದಳು. ಜವಾನನಿಗೆ ಆತುರ. ಆದರೂ ಓದಿದೆ.

'ಹಾಜರಿದ್ದ ಸದಸ್ಯರು' ಅನ್ನುವ ಪಟ್ಟಿಯಲ್ಲಿ ದೊಡ್ಡಮ್ಮನ ಹೆಸರಿತ್ತು. ಕೆಳಗೆ, ನಮ್ಮೂರಿಗೆ ಮಂಜೂರಾದ ಬೋರ್‌ವೆಲ್ಲನ್ನು ಊರ ಹೊರಗಿನ ಒಂದು ದೊಡ್ಡ ತೋಟದ ಬೇಲಿ ಪಕ್ಕ ಕೊರೆಸಲು 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಅಂತ ಬರೆದಿತ್ತು.

ಬರದ ವರ್ಷಗಳು ಅವು. ಹಟ್ಟಿಯ ಹೆಂಗಸರು ನೀರಿಗೆ ಕೆರೆಯಂಗಳದ ಬಾವಿಗೆ ಬರಬೇಕಿತ್ತು. ದೊಡ್ಡಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಆವತ್ತು ನಾನು ಮನೇಲಿ ಮುದ್ದೆ ತೊಳಸ್ತಿದ್ದೆ. ಸಭೇಲಿ ಹೆಂಗೆ ಹಾಜರಿದ್ದೆ?" ಜವಾನ ನಕ್ಕು, "ಯಜಮಾನ್ರು ಬಂದಿದ್ರಲ್ಲಮ್ಮಾ" ಅಂದ. "ಅಲ್ಲಾಡ್ಸಿ ನೋಡ್ದೆ ಯಾವನಾದ್ರೂ ಕಾಯಿ ಒಡೀತಾನೇನಪ್ಪಾ? ಇದು ಸದ್ದೇ ಬರ್ತಿಲ್ಲ. ತಕೊಂಡ್ ಹೋಗು" ಅಂದಳು. ಪುಸ್ತಕ ಸಹಿಯಿಲ್ಲದೆ ವಾಪಸು ಹೋಯಿತು. ಆವತ್ತು ರಾತ್ರಿ ದೊಡ್ಡಪ್ಪ ಊಟ ಬಿಟ್ಟು ಮಲಗಿದರು.

ಮುಂದಿನ ಸಭೆಗೆ ಅವಳು ಹೊರಟಾಗ ದೊಡ್ಡಪ್ಪನೂ ಹೊರಟರು. ಜೊತೆಗೆ ನಾನೂ. ಪಂಚಾಯ್ತಿ ಕಟ್ಟಡದ ಒಳಗೆ ಕುರ್ಚಿಗಳಲ್ಲಿ ಗಂಡಸರು ಕೂತಿದ್ದರು. ದೊಡ್ಡಪ್ಪ ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತರು. ದೊಡ್ಡಮ್ಮ ಬಾಗಿಲಲ್ಲೇ ಸೆರಗು ಹೊದ್ದು ನಿಂತಳು. ಯಾರೋ, "ಅಮ್ಮಾವ್ರು ಆ ಜಮಖಾನದ ಮೇಲೆ ಕೂರ್ಲಿ" ಅಂದರು.

ಆಗ ಎದ್ದವರು ಮಂಡಲದ ಕಾರ್ಯದರ್ಶಿ. ಬಡಕಲು ಮನುಷ್ಯ, ಯಾರ ಎದುರೂ ದನಿ ಎತ್ತಿದವರಲ್ಲ. ಕನ್ನಡಕ ಸರಿಮಾಡಿಕೊಂಡು, "ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಸದಸ್ಯರು ಅಮ್ಮಾವ್ರು. ಆ ಕುರ್ಚಿ ಅವರದ್ದು. ತಾವು ಹೊರಗಡೆ ಕೂತ್ಕೋಬೇಕಾಗ್ತದೆ" ಅಂದರು. ಸಭೆಯಲ್ಲಿ ಒಂದು ಕೆಮ್ಮು ಕೇಳಿಸಿತು, ಅಷ್ಟೇ. ದೊಡ್ಡಪ್ಪ ಮುಖ ಕೆಂಪಗೆ ಮಾಡಿಕೊಂಡು ಎದ್ದು ಜಗುಲಿಗೆ ಬಂದು ನನ್ನ ಪಕ್ಕ ಕೂತು ಎಲೆಅಡಿಕೆ ಚೀಲ ಬಿಚ್ಚಿದರು.

ಸಭೆಯ ಮೊದಲ ಬಾಬ್ತು ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಅದು ಬಂದಾಗ ದೊಡ್ಡಮ್ಮ, "ಆ ಸಭೇಲಿ ನಾನಿರಲಿಲ್ಲ. ನನ್ ಹೆಸರು ಹೊಡೆದಾಕಿ. ಬೋರು ಹಟ್ಟಿಗೆ ಬೇಕು" ಅಂದಳು. ಹೆಸರು ಹೊಡೆದು ಹಾಕಿದರು. ಬೋರಿನ ವಿಷಯ ಕೈಯೆತ್ತಿಸಿ ಎಣಿಸಿದರು. ದೊಡ್ಡಮ್ಮ ಸೋತಳು. ಎತ್ತಿದ ಕೈಗಳು ಬೆರಳೆಣಿಕೆಯಷ್ಟು.

ದಾರಿಯುದ್ದಕ್ಕೂ ದೊಡ್ಡಪ್ಪ, "ನೋಡ್ದಾ, ನಿನ್ ಸಭೆ" ಅಂತ ಹಂಗಿಸುತ್ತ ಬಂದರು. ಅವಳು ಬೇರೆಯದೇ ಲೆಕ್ಕದಲ್ಲಿದ್ದಳು. ಮಂಡಲಕ್ಕೆ ಆರಿಸಿ ಬಂದ ಹೆಂಗಸರು ಅವಳನ್ನೂ ಸೇರಿಸಿ ಐದು ಜನ. ಉಳಿದ ನಾಲ್ವರ ಮನೆಗೂ ಅದೇ ಸೈಕಲ್ಲು, ಅದೇ ಚೀಲ ಹೋಗುತ್ತಿತ್ತು. ಸಂತೆಗೆ ಹೋದಾಗ, ಮದುವೆಗೆ ಹೋದಾಗ, ಅರಿಶಿನ ಕುಂಕುಮದ ನೆಪದಲ್ಲಿ ಅವಳು ಆ ನಾಲ್ಕೂ ಮನೆಗೆ ಹೋಗಿ ಬಂದಳು. ಒಬ್ಬಾಕೆಗೆ ತಾನು ಸದಸ್ಯೆ ಅನ್ನುವುದೇ ನೆಟ್ಟಗೆ ಗೊತ್ತಿರಲಿಲ್ಲವಂತೆ. ಇನ್ನೊಬ್ಬಾಕೆಯ ಅತ್ತೆಯೇ, "ಹೋಗು ತಾಯಿ, ಕೂಸು ನಾನು ನೋಡ್ಕಂತೀನಿ" ಅಂದಳಂತೆ. ಮಳೆಗಾಲ ಕಳೆಯುವ ಹೊತ್ತಿಗೆ ಐವರೂ ಸಭೆಯಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಐದು ಕೈ ಒಟ್ಟಿಗೆ ಏಳುತ್ತವೆ ಅಂದಮೇಲೆ ಎರಡು ಬಣದ ಗಂಡಸರೂ ಅವರನ್ನು ಮಾತಾಡಿಸಲೇಬೇಕಾಯಿತು. ಮರುವರ್ಷದ ಬೋರು ಹಟ್ಟಿಗೆ ಬಂತು. 1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದಾಗ ಹಟ್ಟಿಯ ಹೆಂಗಸರು ಆ ಪಂಪಿಗೆ ಹೂವು ಹಾಕಿದ್ದನ್ನು ನಾನೇ ನೋಡಿದ್ದೇನೆ.

ಇದನ್ನು ದೊಡ್ಡಮ್ಮನ ಸಾಹಸ ಅಂತಷ್ಟೇ ಹೇಳಿದರೆ ಅರ್ಧ ಕಥೆ. ಮೀಸಲಾತಿ ಇಲ್ಲದಿದ್ದರೆ ಅವಳು ಕಾಫಿ ಕಾಸುತ್ತಲೇ ಇರುತ್ತಿದ್ದಳು. ಬರೀ ಕಾಯ್ದೆ ಇದ್ದಿದ್ದರೆ ಸೈಕಲ್ಲು ಐದು ವರ್ಷವೂ ಮನೆಗೇ ಬರುತ್ತಿತ್ತು. ಕಾಯ್ದೆ ಮಾಡಿದವರು ಬೆಂಗಳೂರಿನಲ್ಲಿದ್ದರು. ನಮ್ಮಲ್ಲಿ ಅದು ಜೀವ ಪಡೆದದ್ದು ಒಬ್ಬ ಸಣ್ಣ ನೌಕರ ಊರ ಯಜಮಾನನ ಮುಖ ನೋಡಿ ನಿಯಮ ಹೇಳಿದ ಆ ಗಳಿಗೆಯಲ್ಲಿ. ಸರ್ಕಾರದ ಕಚೇರಿಗಳು ಸಮಾನತೆಗೆ ಏನು ಮಾಡಬಲ್ಲವು ಅಂತ ಯಾರಾದರೂ ಕೇಳಿದರೆ ನನಗೆ ಆ ಕಾರ್ಯದರ್ಶಿಯೇ ಕಣ್ಣೆದುರು ಬರುತ್ತಾರೆ. ಅವರು ಉಪಕಾರ ಮಾಡಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಯಾರ ಕುರ್ಚಿ ಯಾರದ್ದು ಅಂತ ಹೇಳಿದರು.

ಆಮೇಲೆ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಕಾಯ್ದೆ ಮೂರನೇ ಒಂದು ಪಾಲು ಕೊಟ್ಟಿತು. 2010ರಲ್ಲಿ ಅದು ಅರ್ಧಕ್ಕೆ ಏರಿತು. ಅರ್ಧ ಕುರ್ಚಿ ಹೆಂಗಸರದ್ದಾದರೂ 'ಅಧ್ಯಕ್ಷರ ಯಜಮಾನರು' ಅನ್ನುವ ಹುದ್ದೆ ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಇನ್ನೂ ಖಾಲಿಯಾಗಿಲ್ಲ.

ದೊಡ್ಡಮ್ಮನಿಗೆ ಇನ್ನೊಂದು ಪುಸ್ತಕದ ಮೇಲೆ ಕಣ್ಣಿತ್ತು. ಅದು ಪಹಣಿ. "ಅಟ್ಟಕ್ಕೆ ಏರಿಸೋಳು ನಾನು, ಇಳಿಸೋಳು ನಾನು. ತೋಟದ ಕಾಗದದಲ್ಲಿ ಮಾತ್ರ ನಾನು ಗೈರುಹಾಜರು" ಅನ್ನುತ್ತಿದ್ದಳು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಅಷ್ಟರೊಳಗೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಆ ಗೆರೆ ಅಳಿಸಿದ್ದು 2005ರ ಕೇಂದ್ರದ ತಿದ್ದುಪಡಿ. ದೊಡ್ಡಪ್ಪ ತೀರಿಕೊಂಡದ್ದು ಅದಾದ ಎಷ್ಟೋ ವರ್ಷಕ್ಕೆ. ಪೌತಿ ಖಾತೆ ಮಾಡಿಸುವಾಗ ನೆಂಟರು, "ಹೆಣ್ಮಕ್ಕಳ ಹತ್ರ ಹಕ್ಕು ಬಿಡುಗಡೆ ಬರೆಸ್ಕಂಡ್ ಬಿಡಿ, ತವರಿನ ಜೊತೆ ಚೆನ್ನಾಗಿರ್ತಾರೆ" ಅಂದರು. ದೊಡ್ಡಮ್ಮ ವಂಶವೃಕ್ಷದ ಕಾಗದವನ್ನು ಓದಿಸಿ ಕೇಳಿ, ಮಗಳ ಹೆಸರು ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ಸಹಿ ಹಾಕಿದ್ದು.

ಇದು ಬರೀ ಮಾನದ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ. ನಾಫೆಡ್ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವಾಗ ನೋಂದಣಿಗೆ ಪಹಣಿ ಬೇಕು. ಪಹಣಿಯಲ್ಲಿ ಹೆಸರಿದ್ದವರೇ ರೈತರು, ಹಣ ಬರುವುದೂ ಅವರ ಖಾತೆಗೆ. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ವರ್ಷ ದೊಡ್ಡಮ್ಮನ ಮಗಳು, ನಮ್ಮ ಅಕ್ಕ, ತನ್ನ ಪಾಲಿನ ತೋಟದ ಕೊಬ್ಬರಿಯನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿ ಕೊಟ್ಟಳು. ಚೀಲ ಸಾಗಿಸಿದ್ದು ತಮ್ಮನ ಟ್ರ್ಯಾಕ್ಟರಿನಲ್ಲಿ. ಅವನು ಗೊಣಗುತ್ತಲೇ ಬಾಡಿಗೆ ಕೇಳಿದ. ಅಕ್ಕ ರಸೀತಿ ಬರೆಸಿಕೊಂಡೇ ಕೊಟ್ಟಳು.