ಬೆಂಚಿನ ಮೇಲೆ ಕೂತವನು

ಟ್ರಂಕ್ ಕಾಲ್ ಬುಕ್ ಮಾಡಿದ ಮೇಲೆ ಏನು ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಕೊಳ್ಳೇಗಾಲದಲ್ಲಿ ಎರಡು ಪದ್ಧತಿಗಳಿದ್ದವು. ಒಂದು ಪೋಸ್ಟಾಫೀಸಿನ ಬೆಂಚಿನದು. ಊರು, ನಂಬರು ಬರೆದುಕೊಟ್ಟು ಕೂತರೆ ಲೈನು ಸಿಗುವವರೆಗೆ ಏಳುವಂತಿಲ್ಲ. ಕಾಫಿಗೆ ಹೋದ ಹೊತ್ತಿನಲ್ಲೇ ಕರೆ ಬಂದುಬಿಟ್ಟರೆ? ಅಪ್ಪ ಬೆಂಚಿನ ಮೇಲೆ, ಮನೆಯಲ್ಲಿ ಮಗ್ಗ ಸುಮ್ಮನೆ. ಇನ್ನೊಂದು ಸೀರೆ ಸಾಹುಕಾರರ ಅಂಗಡಿಯದು. ಅಲ್ಲಿಂದ ಎಕ್ಸ್‌ಚೇಂಜಿಗೆ ಹೇಳಿ, ರಿಸೀವರ್ ಕೆಳಗಿಟ್ಟು, ಅಪ್ಪ ಮನೆಗೆ ಬಂದು ಲಾಳಿ ಹಿಡಿಯುತ್ತಿದ್ದರು. ಲೈನು ಸಿಕ್ಕಾಗ ಎಕ್ಸ್‌ಚೇಂಜಿನವರೇ ಅಂಗಡಿಗೆ ಫೋನು ಮಾಡುವರು. ಅಂಗಡಿಯ ಹುಡುಗ ಓಡಿ ಬರುವನು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಲೈಟ್ನಿಂಗ್ ಕಾಲಿನ ದರಕ್ಕೆ ಹೆದರಿ ಸಾವಿನ ಸುದ್ದಿಯನ್ನೂ ಅರ್ಜೆಂಟಿನಲ್ಲೇ ಮುಗಿಸುವವರಿದ್ದರು.

1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯ ಬದಲಾದರೂ ವ್ಯಾಪಾರದ ನಂಟು ಎರಡೂ ಕಡೆ ಉಳಿಯಿತು. ಅಪ್ಪ ಒಮ್ಮೆ ಬೆಂಗಳೂರಿಗೂ ಕೊಯಮತ್ತೂರಿಗೂ ಒಟ್ಟಿಗೇ ಬುಕ್ ಮಾಡಿದರು. ಹಿಂದೆ ಹೇಳಿದ್ದು ಮುಂದೆ ಬಂತು. ಬೆಂಗಳೂರಿನ ಗಿರಾಕಿಗೆ ಇಟ್ಟುಕೊಂಡಿದ್ದ ದರವನ್ನು ಕೊಯಮತ್ತೂರಿನವರಿಗೆ, ಅದೂ ಅಚ್ಚಗನ್ನಡದಲ್ಲಿ, ಮೂರು ನಿಮಿಷವೂ ಕೂಗಿದರು.

ಬುಕ್ ಮಾಡದೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ದೇಶದಲ್ಲಿ ಮೊದಲು ಕಾನ್ಪುರ–ಲಖನೌ ನಡುವೆ 1960ರಲ್ಲೇ ಶುರುವಾಗಿತ್ತು. ನಮ್ಮ ಕಡೆಗೆ ಅದು ನಿಧಾನವಾಗಿ ಬಂತು. ಬಂದ ಮೇಲೆ ಬೆಂಚೂ ಹೋಯಿತು, ಓಡುವ ಹುಡುಗನೂ ಹೋದ.

ಆ ಬೆಂಚನ್ನು ನಾನು ಮತ್ತೆ ಕಂಡದ್ದು ಯಳಂದೂರಿನಲ್ಲಿ, ತಂಗಿಯ ಮಗನ ಲ್ಯಾಪ್‌ಟಾಪಿನಲ್ಲಿ. ಅವನು ರೋಬ್ಲಾಕ್ಸ್ ಎಂಬ, ಆಟ ಕಟ್ಟುವ ವೇದಿಕೆಯಲ್ಲಿ ಬಸ್ಸಿನ ಆಟ ಕಟ್ಟುತ್ತಿದ್ದಾನೆ: ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳುಬೆಟ್ಟದ ಮೇಲೆ ಮಾದಪ್ಪನ ಬೆಟ್ಟಕ್ಕೆ. ನಿಜವಾದ ಹನೂರಿನಲ್ಲಿ ಮಳೆ ಬಂದರೆ ಆಟದ ಹನೂರಿನಲ್ಲೂ ಬರಬೇಕಂತೆ. ಅದಕ್ಕೆ ಓಪನ್-ಮೀಟಿಯೊ ಎಂಬ ಹವಾಮಾನ ಸೇವೆಗೆ ಅಕ್ಷಾಂಶ, ರೇಖಾಂಶ ಕಳಿಸಿ ಕೇಳುತ್ತಾನೆ. 12.15, 77.11 ಎಂದರೆ ನಮ್ಮ ಕೊಳ್ಳೇಗಾಲ.

“ಉತ್ತರ ಬರೋಗಂಟ ಬಸ್ಸು ನಿಂತಿರುತ್ತಾ?” ಅಂದೆ.

“ಯಾಕ್ ನಿಲ್ಲುತ್ತೆ ಮಾವ? ಕೇಳ್ದೋನು ಕಾಯ್ತಾನೆ, ಬಸ್ಸು ಓಡ್ತಿರುತ್ತೆ.”

ಆಟ ಸೆಕೆಂಡಿಗೆ 60 ಚಿತ್ರ ಬಿಡಿಸುತ್ತದೆ. ಒಂದೊಂದಕ್ಕೆ ಸಿಗುವುದು 17 ಮಿಲಿಸೆಕೆಂಡಿಗಿಂತ ಕಡಿಮೆ. ಉತ್ತರ ಅರ್ಧ ಸೆಕೆಂಡು ತಡವಾಗಿ, ಎಲ್ಲರೂ ಕಾದರೆಂದರೆ 30 ಚಿತ್ರ ಖೋತಾ, ಬಸ್ಸು ಘಾಟಿಯ ತಿರುವಿನಲ್ಲಿ ಗರ ಬಡಿದಂತೆ ನಿಲ್ಲುತ್ತದೆ. ಹಾಗಾಗಿ ಕೇಳಿದ ಸ್ಕ್ರಿಪ್ಟ್ ಮಾತ್ರ ಬೆಂಚಿನ ಮೇಲೆ ಕೂರುತ್ತದೆ, ಮಗ್ಗ ನಿಲ್ಲುವುದಿಲ್ಲ. ಅಪ್ಪನಿಗೆ ಬೇಕಿದ್ದದ್ದೂ ಇಷ್ಟೇ.

ರೋಬ್ಲಾಕ್ಸ್‌ಗೆ ಈ ಏರ್ಪಾಡು ಬಂದದ್ದು ಬ್ರೆಜಿಲ್‌ನ ಒಂದು ಭಾಷೆಯಿಂದ. ಆ ದೇಶ ಹೊರಗಿನ ಕಂಪ್ಯೂಟರ್ ಸಾಮಗ್ರಿಗೆ ವರ್ಷಗಟ್ಟಲೆ ಅಡ್ಡಗೋಡೆ ಹಾಕಿತ್ತು. ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ಅಭ್ಯಾಸ ಬಿದ್ದಿತ್ತು. ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ರಾಬರ್ಟೊ ಯೆರುಸಲಿಮ್‌ಸ್ಕಿ ಮತ್ತಿಬ್ಬರು ಪೆಟ್ರೊಬ್ರಾಸ್ ತೈಲ ಕಂಪನಿಯ ಕೆಲಸಕ್ಕೆಂದು ಲುವಾ ಎಂಬ ಪುಟ್ಟ ಭಾಷೆ ಮಾಡಿದರು. ಎಣ್ಣೆಗೆಂದು ಹುಟ್ಟಿದ್ದು ಆಟಕ್ಕೆ ಒದಗಿತು. ನಡುವೆ ನಿಂತು, ಬೇರೆಯವರಿಗೆ ದಾರಿ ಬಿಟ್ಟು, ನಿಂತಲ್ಲಿಂದಲೇ ಮುಂದುವರಿಯುವ ಕೊರೂಟೀನ್ ಸೌಲಭ್ಯ 2003ರ 5.0 ಆವೃತ್ತಿಯಲ್ಲಿ ಬಂತು. ರೋಬ್ಲಾಕ್ಸ್‌ನ ಲುವಾವ್ ಇದೇ ವಂಶದ್ದು.

ಹುಡುಗ ಮೊದಲು ಚಿತ್ರಕ್ಕೊಂದು ಸಲ ಹವೆ ಕೇಳುವಂತೆ ಬರೆದಿದ್ದ: ನಿಮಿಷಕ್ಕೆ 3600. ರೋಬ್ಲಾಕ್ಸ್ ಒಂದು ಸರ್ವರಿಗೆ ಕೊಡುವುದು ನಿಮಿಷಕ್ಕೆ 500. ಆಕಾಶ ಅಷ್ಟು ಬೇಗ ಬದಲಾಗುವುದಿಲ್ಲ ಕಣೋ ಎಂದ ಮೇಲೆ ಹತ್ತು ನಿಮಿಷಕ್ಕೊಮ್ಮೆಗೆ ಇಳಿಸಿದ. ಆಮೇಲೆ ಎಲ್ಲ ಊರಿಗೂ ಒಟ್ಟಿಗೇ ಕೇಳಿ, ಬಂದ ಸರತಿಯಲ್ಲೇ ಹಂಚಿದ. ಬೆಟ್ಟದ ಮಳೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಮೇಲೆ ಸುರಿಯಿತು. ಅಪ್ಪನ ಮೊಮ್ಮಗನೇ ಸರಿ! ಈಗ ಒಂದೊಂದು ಉತ್ತರಕ್ಕೂ ಊರಿನ ಹೆಸರು ಕಟ್ಟುತ್ತಾನೆ. ಉತ್ತರವೇ ಬರದಿದ್ದರೆ ಹಿಂದಿನ ಹವೆಯನ್ನೇ ಇಟ್ಟುಕೊಳ್ಳುತ್ತಾನೆ.

ನನ್ನದೊಂದು ತಕರಾರು ಉಳಿದಿದೆ. ಆ ಸೇವೆ ಹೇಳುವುದು ಲೆಕ್ಕ ಹಾಕಿದ ಮಳೆ. ನಮ್ಮ ಘಾಟಿಯ ಮಳೆ ಈ ತಿರುವಿನಲ್ಲಿದ್ದು ಆ ತಿರುವಿನಲ್ಲಿ ಇರುವುದಿಲ್ಲ. ಕೌದಳ್ಳಿಯಲ್ಲಿ ನಿಂತವನನ್ನು ಕೇಳುವುದೇ ವಾಸಿ ಅಂದೆ.

“ಹಂಗಾದ್ರೆ ಯಾರ್ದಾದ್ರೂ ನಂಬರ್ ಕೊಡು ಮಾವ. ಹತ್ತ್ ನಿಮಿಷಕ್ಕೊಂದ್ ಸಲ ನೀನೇ ಫೋನ್ ಮಾಡು” ಅಂದ.