ಮೂವತ್ತು ದಾಟಿದರೂ ಮೊಡವೆ

ಮದುವೆಯ ಬಯೋಡೇಟಾಕ್ಕೆ ಫೋಟೊ ತೆಗೆಸಲು ಸ್ಟುಡಿಯೊಗೆ ಹೋದವರಿಗೆ ಈ ದೃಶ್ಯ ಗೊತ್ತು. ಫೋಟೊ ತೆಗೆದ ಹುಡುಗ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಎದುರಿಗಿದ್ದವಳ ಕೆನ್ನೆ ತುಂಬ ಕೆಂಪು ಗಂಟುಗಳಿದ್ದರೆ ಅವನು ಏನೂ ಕೇಳುವುದಿಲ್ಲ; ಮೌಸ್ ಹಿಡಿದು ಒಂದೊಂದೇ ಕಲೆಯ ಮೇಲೆ ಒತ್ತುತ್ತಾ ಹೋಗುತ್ತಾನೆ. ಗದ್ದದ ಗುಳ್ಳೆ ಮಾಯ, ದವಡೆಯಂಚಿನ ಗಾಯ ಮಾಯ, ವರ್ಷಗಳಿಂದ ಉಳಿದ ಗುಳಿಗಳೂ ಮಾಯ. “ಈಗ ನೋಡಿ ಮೇಡಂ, ಚೆನ್ನಾಗಿ ಬಂತು” ಎಂದು ಪರದೆ ತಿರುಗಿಸುತ್ತಾನೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಅವನ ಮಟ್ಟಿಗೆ ಅದೊಂದು ಉಪಕಾರ. ಆದರೆ ಆ ಫೋಟೊ ಗಂಡಿನ ಕಡೆಯವರ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ಅವರು ನೋಡಲು ಬರುವ ದಿನ ತಟ್ಟೆ ಹಿಡಿದು ಹೊರಗೆ ಬರಬೇಕಾದವಳು ಅವಳೇ.

ಮೊಡವೆ ಎಂದರೆ ಪ್ರಾಯದ್ದು ಎಂದು ನಂಬಿರುವ ನಮ್ಮಲ್ಲಿ ಇಪ್ಪತ್ತೆಂಟಕ್ಕೋ ಮೂವತ್ತೈದಕ್ಕೋ ಮುಖದ ತುಂಬ ಮೊಡವೆ ಎದ್ದವರ ಪಾಡು ಹೇಳತೀರದು. ಹದಿನಾರರ ಹುಡುಗನಿಗೆ “ವಯಸ್ಸಿಗೆ ಬಂದಿದೆ, ತಾನೇ ಹೋಗುತ್ತೆ” ಎಂಬ ಸಮಾಧಾನವಾದರೂ ಸಿಗುತ್ತದೆ. ತರಗತಿಯಲ್ಲಿ ಜೊತೆಗಾರರೂ ಇರುತ್ತಾರೆ. ಮೂವತ್ತರಲ್ಲಿ ಅದೂ ಇಲ್ಲ. ಮದುವೆಯಾದರೆ ಹೋಗುತ್ತದೆ ಎಂದವರು, ಮದುವೆಯಾದ ಮೇಲೆ, ಒಂದು ಮಗುವಾಗಲಿ ಎನ್ನುತ್ತಾರೆ.

ಚರ್ಮರೋಗ ತಜ್ಞರು ಮಾತ್ರ 25 ದಾಟಿದ ಮೇಲೂ ಉಳಿಯುವ, ಇಲ್ಲವೇ ಆಮೇಲೆ ಹೊಸದಾಗಿ ಶುರುವಾಗುವ ಮೊಡವೆಯನ್ನು ವಯಸ್ಕರ ಮೊಡವೆ ಎಂದು ಬೇರೆಯಾಗಿಯೇ ಗುರುತಿಸುತ್ತಾರೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅವರಲ್ಲಿ ಗದ್ದ, ದವಡೆಯಂಚು ಮತ್ತು ಕತ್ತಿನ ಮೇಲ್ಭಾಗ ಇದರ ಮೆಚ್ಚಿನ ಜಾಗಗಳು. ಮುಟ್ಟಿಗೆ ಕೆಲವು ದಿನ ಮುಂಚೆ ಅನೇಕರಲ್ಲಿ ಜೋರಾಗುತ್ತದೆ.

ತೀವ್ರ ಮೊಡವೆ ಎಂದರೆ ಅಲ್ಲೊಂದು ಇಲ್ಲೊಂದು ಏಳುವ ಕಾಳಿನಂಥ ಗುಳ್ಳೆಯಲ್ಲ. ಅದು ಕಣ್ಣಿಗೆ ಕಾಣುವ ಮೊದಲೇ ನೋವಿನಿಂದ ಗೊತ್ತಾಗುತ್ತದೆ. ರಾತ್ರಿ ಮಗ್ಗುಲು ಬದಲಿಸಿದಾಗ ದವಡೆಯ ಒಳಗೆ ಏನೋ ಚುಚ್ಚಿದಂತಾಗುತ್ತದೆ. ಬೆರಳಿಟ್ಟರೆ ಚರ್ಮದಡಿ ಗಟ್ಟಿ ಗಂಟು. ಮರುದಿನ ಅದು ಕೆಂಪಗೆ ಉಬ್ಬುತ್ತದೆ. ಅದಕ್ಕೆ ಬಾಯಿಲ್ಲ, ಹಿಸುಕಿದರೆ ಕೀವು ಬರುವುದಿಲ್ಲ. ಒಳಗೇ ಒಡೆದು ಪಕ್ಕಕ್ಕೆ ಹಬ್ಬುತ್ತದೆ. ವಾರಗಟ್ಟಲೆ ಇದ್ದು ಇಳಿಯುವಾಗ ಕಪ್ಪು ಕಲೆಯನ್ನೋ ಗುಳಿಯನ್ನೋ ಬಿಟ್ಟು ಹೋಗುತ್ತದೆ. ನಮ್ಮ ಕಂದು ಚರ್ಮದಲ್ಲಿ ಆ ಕಲೆ ತಿಂಗಳುಗಟ್ಟಲೆ ಮಾಸುವುದಿಲ್ಲ. ದಿಂಬಿನ ಬಟ್ಟೆಯ ಮೇಲಿನ ರಕ್ತದ ಚುಕ್ಕೆಯನ್ನು ಯಾರೂ ಏಳುವ ಮುಂಚೆ ಒಗೆದು ಹಾಕುವ ಹೆಣ್ಣುಮಕ್ಕಳಿದ್ದಾರೆ; ಗಂಟಿನ ಮೇಲೆ ಬ್ಲೇಡು ಆಡಿಸಲಾಗದೆ ಗಡ್ಡ ಬಿಟ್ಟುಕೊಂಡ ಗಂಡಸರಿದ್ದಾರೆ.

ಇದಕ್ಕೆ ಕಾರಣ ಕೊಳೆ ಅಲ್ಲವೇ ಅಲ್ಲ. ಕೂದಲಿನ ಬುಡದಲ್ಲಿರುವ ಎಣ್ಣೆ ಗ್ರಂಥಿ ಆಂಡ್ರೊಜನ್ ಹಾರ್ಮೋನಿನ ಪ್ರಚೋದನೆಗೆ ಜಿಡ್ಡು ಸುರಿಸುತ್ತದೆ. ಅಲ್ಲಿಯ ಸತ್ತ ಜೀವಕೋಶಗಳು ಉದುರಿಹೋಗದೆ ಅಂಟಿಕೊಂಡು ರಂಧ್ರವನ್ನು ಮುಚ್ಚುತ್ತವೆ. ಎಲ್ಲರ ಚರ್ಮದಲ್ಲೂ ಇರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಆ ಮುಚ್ಚಿದ ಜಾಗದಲ್ಲಿ ಹೆಚ್ಚುತ್ತದೆ, ದೇಹ ಅದರ ವಿರುದ್ಧ ಉರಿಯೂತ ಹುಟ್ಟಿಸುತ್ತದೆ. ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್ ಕೂಡ ಧೂಳಿನಿಂದ ಕಪ್ಪಾದದ್ದಲ್ಲ; ಗಾಳಿಗೆ ತೆರೆದುಕೊಂಡ ಜಿಡ್ಡು ಮತ್ತು ಚರ್ಮದ್ದೇ ಬಣ್ಣವಾದ ಮೆಲನಿನ್ ಸೇರಿ ಹಾಗೆ ಕಾಣುತ್ತದೆ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಮುಟ್ಟು ಏರುಪೇರಾಗುವ, ಗದ್ದದಲ್ಲಿ ಕೂದಲು ಬರುವ ಹೆಂಗಸರಲ್ಲಿ ಇದರ ಹಿಂದೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು. ಅಷ್ಟಾದರೂ “ದಿನಕ್ಕೆ ಎಷ್ಟು ಸಲ ಮುಖ ತೊಳೀತೀಯಮ್ಮ?” ಎಂಬ ಪ್ರಶ್ನೆ ತಪ್ಪುವುದಿಲ್ಲ. ಆ ಪ್ರಶ್ನೆಗೆ ಹೆದರಿ ಗಂಟೆಗೊಮ್ಮೆ ಸೋಪು ಹಾಕಿ ಉಜ್ಜುವವರ ಚರ್ಮ ಒಣಗಿ ಬಿರಿದು ಮೊಡವೆ ಇನ್ನಷ್ಟು ಕೆರಳುತ್ತದೆ.

ಸಲಹೆಗಳಿಗಂತೂ ಬರವಿಲ್ಲ. ಮೈಗೆ ಉಷ್ಣವಾಗಿದೆ, ಎಳನೀರು ಕುಡಿ. ಕಡಲೆಕಾಯಿ ಬಿಡು. ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಹಚ್ಚು. ನಿಂಬೆರಸ, ಟೂತ್‌ಪೇಸ್ಟ್, ಕಹಿಬೇವು, ಕಡಲೆಹಿಟ್ಟು. ಹೇಳುವವರು ಹೆಚ್ಚಿನವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಉರಿಯುವ ಗಂಟಿನ ಮೇಲೆ ನಿಂಬೆಹುಳಿ ಹಚ್ಚಿದರೆ ಚರ್ಮ ಸುಡುತ್ತದೆ. ಮದುವೆ ಮನೆಯ ಅರಿಶಿನ ಶಾಸ್ತ್ರದಲ್ಲಿ ಹತ್ತು ಕೈಗಳು ನಗುನಗುತ್ತಾ ಕೆನ್ನೆಗೆ ಅರಿಶಿನ ಮೆತ್ತುವಾಗ ಇಂಥ ಮದುಮಗಳು ಹಲ್ಲು ಕಚ್ಚಿ ಕೂರುತ್ತಾಳೆ. ನೋಯುತ್ತದೆ ಎಂದು ಆ ಹೊತ್ತಿನಲ್ಲಿ ಯಾರಿಗೆ ಹೇಳಿಯಾಳು?

ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೆಂದಲ್ಲ. ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವ ಸಿಹಿ, ಮೈದಾ ತಿನಿಸು ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ ಎಂಬುದಕ್ಕೆ ಆಧಾರಗಳಿವೆ. ಹಾಲಿನ ಬಗ್ಗೆಯೂ ಅಂಥ ಅನುಮಾನವಿದೆ, ಜಿಮ್ಮಿಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಪುಡಿಯ ಬಗ್ಗೆಯೂ ಇದೆ. ಅವನ್ನು ಕಡಿಮೆ ಮಾಡಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ತೀವ್ರ ಮೊಡವೆ ಪಥ್ಯವೊಂದರಿಂದಲೇ ಹೋಗುವುದು ಅಪರೂಪ. ಬಾಯಿಗೆ ಬೀಗ ಹಾಕಿಕೊಂಡೂ ಮೊಡವೆ ಹೋಗದಿದ್ದಾಗ ಪಥ್ಯ ಮಾಡಿದವರು ತಮ್ಮನ್ನೇ ದೂರಿಕೊಳ್ಳುತ್ತಾರೆ, ಹೆಚ್ಚಿನ ಪೆಟ್ಟು ಬೀಳುವುದು ಅಲ್ಲಿ.

ಈ ಪೆಟ್ಟನ್ನು ವೈದ್ಯಲೋಕ ಗಮನಿಸಿ ಬಹಳ ಕಾಲವಾಯಿತು. ಮೊಡವೆಯಷ್ಟು ಮನಸ್ಸನ್ನು ಘಾಸಿಗೊಳಿಸುವ ಕಾಯಿಲೆ ಬೇರೊಂದು ಇರಲಾರದು ಎಂಬರ್ಥದ ಮಾತನ್ನು ಅಮೆರಿಕದ ಚರ್ಮತಜ್ಞ ಮೇರಿಯನ್ ಸಲ್ಜ್‌ಬರ್ಗರ್ ಮತ್ತು ಅವರ ಸಹೋದ್ಯೋಗಿ 1948ರಲ್ಲೇ ಬರೆದಿದ್ದರು. 1999ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಮೊಡವೆಯ ರೋಗಿಗಳು ಹೇಳಿಕೊಂಡ ಮಾನಸಿಕ ಮತ್ತು ಸಾಮಾಜಿಕ ತೊಂದರೆ ಅಸ್ತಮಾ, ಮೂರ್ಛೆರೋಗ, ಮಧುಮೇಹ, ಸಂಧಿವಾತ ಇರುವವರು ಹೇಳಿಕೊಂಡಷ್ಟೇ ಇತ್ತು ಎಂದು ತೋರಿಸಿತು. 2018ರಲ್ಲಿ ಅಲ್ಲಿಯದೇ ಕುಟುಂಬ ವೈದ್ಯರ ದಾಖಲೆಗಳನ್ನು ಜಾಲಾಡಿದಾಗ, ಮೊಡವೆ ಎಂದು ದಾಖಲಾದ ಮೊದಲ ವರ್ಷದಲ್ಲಿ ಖಿನ್ನತೆಯ ಅಪಾಯ ಉಳಿದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಮಧುಮೇಹ ಬಂದವರಿಗೆ ಮನೆಯವರು ಸಕ್ಕರೆ ಇಲ್ಲದ ಕಾಫಿ ಮಾಡಿಕೊಡುತ್ತಾರೆ. ಮೊಡವೆ ಬಂದವರಿಗೆ ಕನ್ನಡಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತೀಯ ಎಂದು ಗದರುತ್ತಾರೆ.

ವೇಲ್ಸಿನ ಕಾರ್ಡಿಫ್‌ನ ವೈದ್ಯರು 1992ರಲ್ಲಿ ಬರೇ ಐದು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಮೊಡವೆಯಿಂದಾಗಿ ಕಳೆದ ತಿಂಗಳು ನಿಮಗೆ ಸಿಟ್ಟು, ಹತಾಶೆ, ಮುಜುಗರ ಆಯಿತೇ? ಜನರೊಂದಿಗೆ ಬೆರೆಯಲು ಅಡ್ಡಿಯಾಯಿತೇ? ನಾಲ್ಕು ಜನರ ಎದುರು ಬಟ್ಟೆ ಬದಲಿಸುವ ಜಾಗ ತಪ್ಪಿಸಿದಿರೇ? ನಿಮ್ಮ ಚರ್ಮದ ಬಗ್ಗೆ ನಿಮಗೆ ಏನನಿಸುತ್ತಿದೆ? ಈಗ ಅದು ಎಷ್ಟು ಕೆಟ್ಟದಾಗಿದೆ ಎಂದು ನಿಮ್ಮ ಲೆಕ್ಕ? ಐದು ನಿಮಿಷವೂ ಬೇಡದ ಕೆಲಸ. ಇಂಥ ಪ್ರಶ್ನೆಗಳಿಗೆ ಉತ್ತರ ನಮ್ಮ ಆಫೀಸುಗಳಲ್ಲೂ ಮನೆಗಳಲ್ಲೂ ಸಿಗುತ್ತದೆ. ಆನ್‌ಲೈನ್ ಮೀಟಿಂಗಿನಲ್ಲಿ “ನೆಟ್‌ವರ್ಕ್ ಸರಿಯಿಲ್ಲ” ಎಂದು ಕ್ಯಾಮೆರಾ ಆರಿಸುವುದು, ಬೆಳಕು ಬೀಳದ ಕುರ್ಚಿ ಹುಡುಕುವುದು, ಮಾತಾಡುವಾಗ ಕೈ ಗದ್ದದ ಮೇಲೇ ಇರುವುದು, ಗ್ರೂಪ್ ಫೋಟೊ ತೆಗೆಯುವಾಗ “ನಾನೇ ತೆಗೆಯುತ್ತೇನೆ, ನೀವೆಲ್ಲ ನಿಲ್ಲಿ” ಎಂದು ಫೋನು ಇಸಿದುಕೊಳ್ಳುವುದು. ಕೋವಿಡ್ ಕಾಲದ ಮಾಸ್ಕ್ ಎಲ್ಲರಿಗೂ ಹಿಂಸೆಯಾಗಿದ್ದಾಗ ಇವರಲ್ಲಿ ಎಷ್ಟೋ ಜನ ಒಳಗೊಳಗೇ ನಿರಾಳವಾದರು. ಅದರ ಬೆವರು, ಉಜ್ಜಾಟಕ್ಕೆ ಮೊಡವೆ ಹೆಚ್ಚಾದರೂ ಸರಿ, ಮುಖ ಮುಚ್ಚಿತ್ತಲ್ಲ.

ಈ ನಾಚಿಕೆಯ ದುರ್ಲಾಭ ಆಗುವುದು ಬೀದಿಯ ಮೆಡಿಕಲ್ ಶಾಪಿನಲ್ಲಿ. ಡಾಕ್ಟರ ಹತ್ತಿರ ಹೋಗಲು ಹಿಂಜರಿದವರು, “ಮೊಡವೆಗೆ, ಕಲೆಗೆ ಏನಾದರೂ ಕೊಡಿ” ಎಂದು ಕೇಳುತ್ತಾರೆ. ಕೈಗೆ ಬರುವ ಟ್ಯೂಬಿನಲ್ಲಿ ಎಷ್ಟೋ ಸಲ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ತಿಳಿಯಾಗುತ್ತದೆ, ಕೆಂಪು ಇಳಿಯುತ್ತದೆ, ಬಣ್ಣವೂ ಬೆಳ್ಳಗಾದಂತೆ ಕಾಣುತ್ತದೆ. ಆಮೇಲೆ ಬಿಟ್ಟರೆ ಉರಿ, ಹಚ್ಚಿದರೆ ಕೆಡುಕು. ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಬಿಸಿಲಿಗೆ ಹೋದರೆ ಮುಖ ಕೆಂಡವಾಗುತ್ತದೆ, ಮೊಡವೆ ಹಿಂದೆಂದಿಗಿಂತ ಜೋರಾಗಿ ಏಳುತ್ತದೆ. ಕೋಲ್ಕತ್ತದ ತಜ್ಞ ಕೌಶಿಕ್ ಲಾಹಿರಿ ಮತ್ತು ಸಂಗಡಿಗರು ಈ ಸ್ಥಿತಿಗೆ ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಎಂದೇ ಹೆಸರಿಟ್ಟರು. 2011ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ದೇಶದ ಹಲವು ಆಸ್ಪತ್ರೆಗಳಿಗೆ ಮುಖದ ಚರ್ಮದ ತೊಂದರೆಗೆಂದು ಬಂದ 2,926 ಜನರ ಪೈಕಿ 433 ಮಂದಿ ಸ್ಟೀರಾಯ್ಡ್ ಹಚ್ಚಿಕೊಂಡೇ ಬಂದಿದ್ದರು. ಚರ್ಮತಜ್ಞರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಕಾನೂನು ಬಂದರೂ ಟ್ಯೂಬಿನ ಮೇಲಿನ ಸಣ್ಣಕ್ಷರ ಓದುವ ಕೆಲಸ ಕೊಳ್ಳುವವರದೇ.

ಒಳ್ಳೆಯ ಸುದ್ದಿಯೆಂದರೆ ತೀವ್ರ ಮೊಡವೆಗೆ ಮದ್ದಿದೆ, ಅದೂ ಇಂದು ನಿನ್ನೆಯದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಗ್ಯಾರಿ ಪೆಕ್ ಮತ್ತು ಸಹೋದ್ಯೋಗಿಗಳು ಯಾವ ಚಿಕಿತ್ಸೆಗೂ ಬಗ್ಗದ 14 ರೋಗಿಗಳಿಗೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಕೊಟ್ಟರು. 1979ರ ಅವರ ವರದಿಯ ಪ್ರಕಾರ 13 ಜನರ ಮೊಡವೆ ಪೂರ್ತಿ ಹೋಗಿತ್ತು. 1982ರಲ್ಲಿ ಅದಕ್ಕೆ ಅಲ್ಲಿ ಅನುಮತಿ ಸಿಕ್ಕಿತು. ಇದು ತಾನೇ ತಂದು ನುಂಗುವ ಮಾತ್ರೆ ಖಂಡಿತ ಅಲ್ಲ. ಗರ್ಭಿಣಿ ತೆಗೆದುಕೊಂಡರೆ ಮಗುವಿಗೆ ಗಂಭೀರ ಅಂಗವೈಕಲ್ಯ ಬರಬಹುದು. ಆದ್ದರಿಂದ ಮಾತ್ರೆ ನಡೆಯುವಷ್ಟು ಕಾಲ ಮತ್ತು ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು. ತುಟಿ ಒಣಗಿ ಒಡೆಯುತ್ತದೆ, ಯಕೃತ್ತು ಮತ್ತು ಕೊಬ್ಬಿನ ಅಂಶಕ್ಕೆ ರಕ್ತಪರೀಕ್ಷೆ ಬೇಕು, ಮನಸ್ಸು ಕುಗ್ಗಿದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಅಷ್ಟು ತೀವ್ರವಲ್ಲದವರಿಗೆ ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮುಗಳಿವೆ. ಮೂಲತಃ ರಕ್ತದೊತ್ತಡಕ್ಕೆ ಕೊಡುತ್ತಿದ್ದ ಸ್ಪೈರೊನೊಲ್ಯಾಕ್ಟೋನ್ ವಯಸ್ಕ ಹೆಂಗಸರ ಮೊಡವೆಗೂ ನಾಟುತ್ತದೆ ಎಂಬುದನ್ನು ಇಂಗ್ಲೆಂಡ್ ಮತ್ತು ವೇಲ್ಸಿನ 410 ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆ ಗಟ್ಟಿಪಡಿಸಿತು. ಯಾವುದೇ ಆದರೂ ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಹೆಚ್ಚು ಜನ ಸೋಲುವುದು ಇಲ್ಲೇ: ಮೂರನೇ ವಾರಕ್ಕೆ ಬೇಸತ್ತು ಡಾಕ್ಟರನ್ನು ಬದಲಿಸುತ್ತಾರೆ.

ಆ ಎರಡು ಮೂರು ತಿಂಗಳನ್ನು ದಾಟುವುದು ಹೇಗೆ? ದಾಟಿದವರು ಹೇಳುವ ಉಪಾಯಗಳು ಸಣ್ಣವು. ಗಳಿಗೆಗೊಮ್ಮೆ ಫೋನಿನಲ್ಲಿ ಮುಖ ನೋಡುವ ಬದಲು ತಿಂಗಳಿಗೊಂದು ಫೋಟೊ, ಅದೇ ಕಿಟಕಿ, ಅದೇ ಬೆಳಕು. ದಿನದಿನ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ. ಉಗುರು ಚಿಕ್ಕದಾಗಿ ಕತ್ತರಿಸಿ ಕೈಯನ್ನು ಮುಖದಿಂದ ದೂರವಿಡುವುದು. ಕಲೆ ಕಪ್ಪಾಗದಂತೆ ಎಣ್ಣೆಯಿಲ್ಲದ ಸನ್‌ಸ್ಕ್ರೀನ್ ಹಚ್ಚುವುದು. ಒಬ್ಬರಿಗಾದರೂ, ಅಕ್ಕನಿಗೋ ಗೆಳೆಯನಿಗೋ, ಇದು ಎಷ್ಟು ನೋಯಿಸುತ್ತಿದೆ ಎಂದು ಬಾಯಿಬಿಟ್ಟು ಹೇಳುವುದು. ಮನೆಯವರಿಗೆ “ನನ್ನ ಮುಖದ ವಿಷಯ ನಾನಾಗಿ ಎತ್ತಿದರೆ ಮಾತ್ರ ಮಾತಾಡೋಣ” ಎಂದು ಸ್ಪಷ್ಟವಾಗಿ ತಿಳಿಸುವುದು.

2015ರಲ್ಲಿ ತೆರೆಕಂಡ ಮಲಯಾಳಂನ ‘ಪ್ರೇಮಂ’ ಚಿತ್ರದಲ್ಲಿ ಸಾಯಿ ಪಲ್ಲವಿ ಉಪನ್ಯಾಸಕಿ ಮಲರ್ ಆಗಿ, ಕೆನ್ನೆಯ ಮೊಡವೆಗಳನ್ನು ಮರೆಮಾಚದೆ ಬಂದರು. ನೀಲಗಿರಿಯ ಕೋತಗಿರಿಯವರು, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗ ಸಮುದಾಯದವರು, ಓದಿದ್ದು ವೈದ್ಯಕೀಯ. ಮೊಡವೆ ನೋಡಿ ಜನ ಏನೆಂದಾರು ಎಂದು ತಾವೂ ಹೆದರಿದ್ದಾಗಿ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಜನ ಆ ಮುಖವನ್ನೇ ಮೆಚ್ಚಿದರು. ಮುಂದೆ ಬಿಳುಪಿನ ಕ್ರೀಮಿನ ಜಾಹೀರಾತೊಂದನ್ನೂ ಅವರು ಒಲ್ಲೆನೆಂದರು. ಅವರನ್ನು ನೋಡಿ ಧೈರ್ಯ ತಂದುಕೊಂಡ ಹುಡುಗಿಯರು ಬಹಳ. ಹಾಗೆಂದು ಗಂಟು ಗಂಟಾಗಿ ನೋಯುವ ಮುಖ ಹೊತ್ತವರಿಗೆ “ನೀನೂ ಅವಳ ಹಾಗೆ ಧೈರ್ಯವಾಗಿರು” ಎಂದರೆ ಸಾಲದು. ಅವರಿಗೆ ಧೈರ್ಯದ ಜೊತೆಗೆ ಚಿಕಿತ್ಸೆಯೂ ಬೇಕು. ಚಿಕಿತ್ಸೆ ಬೇಡುವುದು ಸೋಲೂ ಅಲ್ಲ, ಶೋಕಿಯೂ ಅಲ್ಲ.

ಅದಕ್ಕೆ ದುಬಾರಿ ಸ್ಕಿನ್ ಕ್ಲಿನಿಕ್ಕೇ ಆಗಬೇಕಿಲ್ಲ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಂಥ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ನೋವಿನ ಗಂಟು ಏಳುತ್ತಿದ್ದರೆ, ಗುಳಿ ಬೀಳುತ್ತಿದ್ದರೆ ತಡಮಾಡಬೇಡಿ. ಗುಳಿ ಬಿದ್ದ ಮೇಲೆ ಅದನ್ನು ತುಂಬಿಸುವುದು ಮೊಡವೆ ಗುಣಪಡಿಸುವುದಕ್ಕಿಂತ ಕಷ್ಟ. ಮನಸ್ಸು ಕುಸಿದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅಥವಾ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಗೆ ನಮ್ಮ ನಿಮ್ಹಾನ್ಸ್ ರಾಷ್ಟ್ರಮಟ್ಟದ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಇನ್ನು ಉಳಿದವರಲ್ಲಿ ಒಂದು ಬೇಡಿಕೆ. ಬಹಳ ದಿನದ ಮೇಲೆ ಅಂಥವರೊಬ್ಬರು ಎದುರು ಸಿಕ್ಕರೆ ಮದ್ದು ಹೇಳಬೇಡಿ, ಮುಖಕ್ಕೇನಾಯಿತು ಎಂದು ಕೇಳಬೇಡಿ. ಊರಿಗೆ ಯಾವಾಗ ಬಂದೆ, ಕೆಲಸ ಹೇಗೆ ನಡೆದಿದೆ, ಊಟವಾಯಿತಾ ಎಂದು ಕೇಳಿ.